ಕಟ್ಟುವ ಮೊದಲೇ ಸೋರಿದ ಮನೆ

ಪುನರ್ವಸು ಮಳೆ ಹಿಡಿದು ನಾಲ್ಕನೇ ದಿನ. ಡಿಸಿ ಶಾಲೆಗಳಿಗೆ ರಜೆ ಕೊಟ್ಟಿದ್ದರು. ಅಕ್ಕ ಮಗನನ್ನು ನನ್ನ ಆಫೀಸಿನಲ್ಲಿ ಬಿಟ್ಟು ತನ್ನ ಕೆಲಸಕ್ಕೆ ಹೋಗಿದ್ದಳು. ಆಫೀಸು ಅಂದರೆ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಮೊದಲ ಮಹಡಿಯ ಒಂದು ಕೋಣೆ, ಎರಡು ಕಂಪ್ಯೂಟರ್, ಆಗಾಗ ಕೀರಲಿಡುವ ಒಂದು ಯುಪಿಎಸ್. ನನ್ನ ಮುಂದೆ, ಕಟ್ಟಡಗಳ ತ್ರಿಡಿ ಮಾದರಿ ಮಾಡುವ ಸ್ಕೆಚ್‌ಅಪ್ ಅನ್ನುವ ಸಾಫ್ಟ್‌ವೇರ್‌ನಲ್ಲಿ, ಮೇಗರವಳ್ಳಿ ಕಡೆಯ ಒಬ್ಬರ ಮನೆ ತೆರೆದಿತ್ತು. ಎಲ್ ಆಕಾರ, ಹಂಚಿನ ಮಾಡು, ಎದುರಿಗೆ ಅಡಿಕೆ ಒಣಗಿಸುವ ಅಂಗಳ. ಹುಡುಗ ಹತ್ತು ನಿಮಿಷ ಸುಮ್ಮನೆ ನೋಡಿದ. 'ಮಾವ, ಇದರಲ್ಲಿ ಆಟ ಇಲ್ವಾ?' ಅಂದ.

ಇಲ್ಲ ಅನ್ನಬಹುದಿತ್ತು. ಆದರೆ ಈ ಸಾಫ್ಟ್‌ವೇರ್‌ನ ಹೊಟ್ಟೆಯಲ್ಲಿ ರೂಬಿ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಇದೆ ಅನ್ನುವುದು ನನಗೆ ಗೊತ್ತಿತ್ತು. 2000ದಲ್ಲಿ ಬಂದ ಸ್ಕೆಚ್‌ಅಪ್‌ಗೆ 2004ರ ನಾಲ್ಕನೇ ಆವೃತ್ತಿಯಲ್ಲಿ ರೂಬಿ ಸೇರಿತು. 2006ರಲ್ಲಿ ಗೂಗಲ್ ಅದನ್ನು ಕೊಂಡು ಪುಕ್ಕಟೆ ಆವೃತ್ತಿ ಬಿಟ್ಟಾಗ ನಾನು ಕಲಿತದ್ದು. 2012ರಲ್ಲಿ ಟ್ರಿಂಬಲ್ ಕಂಪನಿಯ ಕೈಗೆ ಹೋದ ಮೇಲೂ ಬಿಟ್ಟಿಲ್ಲ. ರೂಬಿಯಲ್ಲಿ ಅಲ್ಲಿಯವರೆಗೆ ಮಾಡಿದ್ದೆಂದರೆ ಮೆಟ್ಟಿಲು, ರೀಪು, ಪಕಾಸಿಗಳನ್ನು ಸಾಲಾಗಿ ಜೋಡಿಸಿದ್ದು ಅಷ್ಟೇ.

ಯಾವ ಆಟ ಅಂತ ಯೋಚಿಸುವ ಅಗತ್ಯವೇ ಬೀಳಲಿಲ್ಲ. ಕಿಟಕಿಯಾಚೆ ಮಳೆ, ಪರದೆ ಮೇಲೆ ಹಂಚಿನ ಮನೆ. ಮಾಡು ಸೋರುತ್ತದೆ, ಕೊಡಪಾನ ಹಿಡಿದು ಓಡಾಡಬೇಕು, ಮೂರು ಹನಿ ನೆಲಕ್ಕೆ ಬಿದ್ದರೆ ಆಟ ಮುಗೀತು.

ಹನಿಗೆ ಎಂಟು ಮುಖದ ನೀಲಿ ಹರಳೊಂದನ್ನು ಮಾಡಿ ಕಾಂಪೊನೆಂಟ್, ಅಂದರೆ ಬೇಕಾದಷ್ಟು ಪ್ರತಿ ತೆಗೆಯಬಹುದಾದ ಅಚ್ಚು, ಆಗಿಸಿದೆ. ಟೈಮರ್ ಬಡಿದಂತೆಲ್ಲ ಹನಿಯ ವೇಗ ಹೆಚ್ಚಬೇಕು, ಅದು ಕೆಳಗಿಳಿಯಬೇಕು. ಗುರುತ್ವಾಕರ್ಷಣೆಗೆ ಶಾಲೆಯಲ್ಲಿ ಉರುಹೊಡೆದ 9.8 ಹಾಕಿ ಓಡಿಸಿದೆ. ಹನಿ ಬೂರುಗದ ಹತ್ತಿಯ ಹಾಗೆ ತೇಲಿಕೊಂಡು ಬಂತು. ಹತ್ತು ಅಡಿ ಇಳಿಯಲು ಐದು ಸೆಕೆಂಡ್! ಹುಡುಗ ಆಕಳಿಸಿದ. ಟೈಮರ್ ನಿಧಾನವೇ, ಕಂಪ್ಯೂಟರ್ ಹಳತೇ ಅಂತ ಅರ್ಧ ಗಂಟೆ ತಡಕಾಡಿದೆ. ಆಮೇಲೆ ಹೊಳೆಯಿತು. ನಾವು ಮೀಟರ್ ಇಟ್ಟುಕೊಳ್ಳಲಿ, ಅಡಿ ಇಟ್ಟುಕೊಳ್ಳಲಿ, ಸ್ಕೆಚ್‌ಅಪ್ ಒಳಗೊಳಗೆ ಲೆಕ್ಕ ಹಾಕುವುದು ಇಂಚಿನಲ್ಲೇ. 9.8 ಮೀಟರ್ ಅಂದರೆ 386 ಇಂಚು. ಸಂಖ್ಯೆ ಬದಲಿಸಿದ್ದೇ ತಡ, ಹನಿ ಮುಕ್ಕಾಲು ಸೆಕೆಂಡಿನಲ್ಲಿ ಟಪ್ ಅಂತ ಬಿತ್ತು. ಹದಿನೈದು ವರ್ಷ ಈ ಸಾಫ್ಟ್‌ವೇರ್‌ನಿಂದ ಅನ್ನ ತಿಂದವನಿಗೆ ಇದು ಮೊದಲೇ ನೆನಪಾಗಬೇಕಿತ್ತು, ಬಿಡಿ.

ಕೊಡಪಾನ ಆಚೀಚೆ ಸರಿಸಲು ಬಾಣದ ಕೀಗಳನ್ನು ಹಿಡಿದೆ. ಗೆರೆ ಎಳೆಯುವಾಗ ಆ ಕೀಗಳು ಗೆರೆಯನ್ನು ಕೆಂಪು, ಹಸಿರು, ನೀಲಿ ಅಕ್ಷಗಳಿಗೆ ಕಟ್ಟಿಹಾಕುತ್ತವೆ. ನಮ್ಮದೇ ಟೂಲ್ ಬರೆದರೆ ಅವು ನಮ್ಮ ಮಾತು ಕೇಳುತ್ತವೆ. ಈ ಭಾಗ ಸಲೀಸಾಗಿ ಆಯಿತು.

ಆಗದೆ ಉಳಿದದ್ದು ಬೇರೆ. ಮನೆ ಕಟ್ಟುವವರಿಗೆಂದು ಮಾಡಿದ ಸಾಫ್ಟ್‌ವೇರ್‌ಗೆ ಯಾವ ವಸ್ತುವೂ ಸುಮ್ಮನೆ ಚಲಿಸುವುದಿಲ್ಲ, ಯಾರೋ ಬೇಕೆಂದೇ ಸರಿಸಿರುತ್ತಾರೆ. ಹಾಗಾಗಿ ಹನಿಯ ಒಂದೊಂದು ಹೆಜ್ಜೆಯನ್ನೂ ಅದು ಅನ್‌ಡು ಪಟ್ಟಿಯಲ್ಲಿ, ಅಂದರೆ ಮಾಡಿದ್ದನ್ನು ರದ್ದು ಮಾಡಲು ಇಡುವ ಪಟ್ಟಿಯಲ್ಲಿ, ಬರೆದಿಟ್ಟುಕೊಂಡಿತ್ತು. ನಾನು ಬೇರೇನನ್ನೋ ತಿದ್ದಲು ಕಂಟ್ರೋಲ್ ಝಡ್ ಒತ್ತಿದರೆ ಹನಿಗಳು ಇಂಚಿಂಚೇ ಮೇಲೇರಿ ಹಂಚಿನೊಳಗೆ ವಾಪಸ್ಸು ಹೋದವು. ಹುಡುಗನಿಗೆ ಅದೇ ಆಟಕ್ಕಿಂತ ಚೆನ್ನಾಗಿ ಕಂಡಿತು. ಕೀ ಬಿಡಲೇ ಇಲ್ಲ. 'ಟ್ರಾನ್ಸ್‌ಫಾರ್ಮ್' ಬದಲು 'ಮೂವ್' ಅನ್ನುವ ಇನ್ನೊಂದು ಆಜ್ಞೆ ಬಳಸಿದರೆ ಪಟ್ಟಿಗೆ ಸೇರುವುದಿಲ್ಲ ಎಂದು ಆಮೇಲೆ ಕೈಪಿಡಿಯಲ್ಲಿ ಸಿಕ್ಕಿತು.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಇನ್ನೊಂದು ಫಜೀತಿ. ಮೂರನೇ ಹನಿ ಬಿದ್ದಾಗ 'ಮನೆ ಮುಳುಗಿತು' ಅಂತ ಒಂದು ಪೆಟ್ಟಿಗೆ ಬರಬೇಕು. ಬಂತು. ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಓಕೆ ಒತ್ತಿದಷ್ಟೂ ಮುಳುಗುತ್ತಲೇ ಇತ್ತು. ಒಂದೇ ಸಲ ಬಡಿಯಬೇಕಾದ ಟೈಮರ್ ಕೂಡ ಅಂಥ ಪೆಟ್ಟಿಗೆ ತೆರೆದಿರುವಷ್ಟು ಹೊತ್ತು ಬಡಿಯುತ್ತಲೇ ಇರುತ್ತದೆ. ಅದು ಕೈಪಿಡಿಯಲ್ಲೇ ಒಪ್ಪಿಕೊಂಡಿರುವ ದೋಷ. ಪೆಟ್ಟಿಗೆ ತೆರೆಯುವ ಮೊದಲು ಟೈಮರ್ ನಿಲ್ಲಿಸಬೇಕು. ನಾನು ಕೈಪಿಡಿ ಓದುವುದು ಯಾವಾಗಲೂ ಮುಳುಗಿದ ಮೇಲೆ.

ಅಂತೂ ಆಟ ಓಡಿತು. ಹನಿಗಳು ಜಗಲಿ, ನಡುಮನೆ, ಅಡುಗೆಮನೆ ಎಂದು ನೋಡದೆ ಎಲ್ಲೆಂದರಲ್ಲಿ ಬೀಳುತ್ತಿದ್ದವು. ಹುಡುಗ ನಾಲ್ಕು ಸಲ ಆಡಿ ಕೀಬೋರ್ಡ್ ದೂಡಿದ.

'ಹೀಗೆಲ್ಲ ಸೋರಲ್ಲ ಮಾವ. ಅಜ್ಜನ ಮನೇಲಿ ಒಂದೇ ಜಾಗದಲ್ಲಿ ಸೋರೋದು. ಪಾತ್ರೆ ಇಟ್ಟ ಮೇಲೆ ಪಕ್ಕಕ್ಕೆ ಸರ್ಕೊಳ್ಳತ್ತೆ.'

ಮಾತಿಗೆ ಎದುರಾಡುವ ಹಾಗಿರಲಿಲ್ಲ. ಹಂಚಿನ ಮನೆ ಸೋರುವುದು ಎರಡು ಮಾಡು ಕೂಡುವ ಮೂಲೆಯಲ್ಲಿ, ನಾವು ವ್ಯಾಲಿ ಅನ್ನುತ್ತೇವಲ್ಲ, ಅಲ್ಲಿ. ಎರಡೂ ಕಡೆಯ ನೀರು ಅಲ್ಲೇ ಸೇರುತ್ತದೆ, ತರಗೆಲೆಯೂ ಅಲ್ಲೇ ಕೂರುತ್ತದೆ. ಎಲ್ಲ ಹನಿಗಳನ್ನೂ ಆ ಮೂಲೆಯ ಅಡಿಗೆ ತಂದು, ಕೊಡಪಾನ ಕೆಳಗೆ ಬಂದೊಡನೆ ಒಂದು ಗೇಣು ಸರಿಯುವಂತೆ ಮಾಡಿದೆ. ಸಂಜೆ ಅಕ್ಕ ಬಂದು ಕರೆದರೂ ಅವನು ಏಳಲಿಲ್ಲ.

ಫೈಲ್ ಉಳಿಸಿ ಮುಚ್ಚಿದ್ದು ನಾನೇ. ಬೇರೆ ಹೆಸರಲ್ಲಿ ಅಲ್ಲ, ಅದೇ ಹೆಸರಲ್ಲಿ.

ಮುಂದಿನ ವಾರ ಮನೆಯ ಯಜಮಾನರು ಬಂದರು. ಪ್ರಿಂಟ್ ತೆಗೆದು ಮೇಜಿನ ಮೇಲೆ ಹರಡಿದೆ. ನಡುಮನೆಯ ಚಿತ್ರದಲ್ಲಿ ಗಾಳಿಯಲ್ಲಿ ನೇತುಬಿದ್ದ ಐದಾರು ನೀಲಿ ಹನಿ, ಕೆಳಗೊಂದು ಕೊಡಪಾನ. ಅವರು ಕನ್ನಡಕ ಸರಿಮಾಡಿಕೊಂಡು ಬೆರಳಿಟ್ಟರು.

'ಇದೇನ್ರೀ, ಕಟ್ಟೋಕ್ ಮುಂಚೆನೇ ಸೋರ್ತಿದೆ?'

ತಡವರಿಸುತ್ತ ಎಲ್ಲ ಹೇಳಿದೆ. ಅವರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. 'ಜಾಗ ಸರಿಯಾಗೇ ತೋರ್ಸಿದೀರಿ. ಈಗಿರೋ ಮನೇಲೂ ಇದೇ ಮೂಲೆ. ಮಳೆಗಾಲ ಪೂರ್ತಿ ಅಲ್ಲೊಂದು ತಪ್ಪಲೆ ಇಟ್ಟೇ ಇರ್ತೀವಿ. ಹೊಸಾದ್ರಲ್ಲೂ ಇದೇ ಯಾಕೆ ಮತ್ತೆ?'

ಆಗುಂಬೆಯ ಮಗ್ಗುಲಿನ ಊರದು. ಆಗುಂಬೆಗೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ. ಅಂಥ ಕಡೆ ವ್ಯಾಲಿ ಹಾಕಿ, ತಗಡು ಬಡಿದರಾಯಿತು ಎಂದುಕೊಂಡಿದ್ದವನು ನಾನು. ಅವರ ಎದುರಿಗೇ ಒಂದು ಮಾಡನ್ನು ಮೂರಡಿ ಮೇಲೆತ್ತಿ, ಇನ್ನೊಂದನ್ನು ಅದರ ಸೂರಿನಡಿ ತೂರಿಸಿದೆ. ಮೂಲೆಯೇ ಇಲ್ಲವಾಯಿತು.

ಮತ್ತೊಂದು ಮಳೆ ರಜೆಗೆ ಹುಡುಗ ಬಂದು ಆಟ ತೆರೆದ. ಮಾಡು ಮೇಲೆ ಹೋಗಿತ್ತು. ಕೋಡ್‌ನಲ್ಲಿ ಮಾತ್ರ ಹಳೇ ಮೂಲೆಯ ಅಳತೆ ಹಾಗೇ ಇತ್ತು. ಹಂಚಿನಿಂದ ಮೂರಡಿ ಕೆಳಗೆ, ಏನೂ ಇಲ್ಲದ ಜಾಗದಿಂದ, ಹನಿ ಬೀಳುತ್ತಲೇ ಇದ್ದವು.