ನೆಲದ ಮೇಲೆ ಬಿಳಿ ಗೆರೆ ಎಳೆದವರು

2025ರಲ್ಲಿ ಯುಗಾದಿ ಬಂದದ್ದು ಮಾರ್ಚ್ 30ಕ್ಕೆ. ನಾನಿರುವ ಕೆರಿಬಿಯನ್ ದ್ವೀಪ ಟ್ರಿನಿಡಾಡಿನ ಕ್ಯಾಲೆಂಡರಿನಲ್ಲಿ ಅದೇ ದಿನ ಕೆಂಪಕ್ಷರದಲ್ಲಿ ಇನ್ನೊಂದು ಹಬ್ಬವಿದೆ: ಸ್ಪಿರಿಚುಯಲ್ ಬ್ಯಾಪ್ಟಿಸ್ಟರೆಂಬ ಕ್ರೈಸ್ತ ಪಂಥದವರ ವಿಮೋಚನಾ ದಿನ. ಅದರ ಬೆನ್ನಿಗೇ ಈದ್. ಏಪ್ರಿಲ್ 28ಕ್ಕೆ ಚುನಾವಣೆ ಘೋಷಣೆಯಾಗಿದ್ದರಿಂದ ಬೀದಿ ಬೀದಿಯಲ್ಲಿ ಧ್ವನಿವರ್ಧಕಗಳ ಅಬ್ಬರ ಬೇರೆ. ಇಷ್ಟೆಲ್ಲ ಗದ್ದಲದ ನಡುವೆ ನನ್ನ ತಲೆಯಲ್ಲಿ ಕುಳಿತಿರುವುದು ಎದುರು ಮನೆಯ ಮದರ್ ಕೇಳಿದ ಒಂದೇ ಒಂದು ಪ್ರಶ್ನೆ.

ಸ್ಪಿರಿಚುಯಲ್ ಬ್ಯಾಪ್ಟಿಸ್ಟರ ಸಭೆಯಲ್ಲಿ ಹಿರಿಯ ಹೆಂಗಸರಿಗೆ ಸಿಗುವ ಪದವಿ ಅದು, ಮದರ್. ಟುನಾಪುನಾದ ನಮ್ಮ ಓಣಿಯಲ್ಲಿ ಹಿಂದೂಗಳು, ಮುಸ್ಲಿಮರು, ಕ್ಯಾಥೊಲಿಕರು ಎಲ್ಲರೂ ಅವರನ್ನು ಹಾಗೆಯೇ ಕರೆಯುತ್ತಾರೆ. ಎಂಬತ್ತರ ಹತ್ತಿರದ ವಯಸ್ಸು, ನೆಟ್ಟಗಿನ ಬೆನ್ನು, ಯಾರ ಮುಲಾಜಿಗೂ ಬೀಳದ ಮಾತು.

ಆ ದಿನ ಬೆಳಕು ಹರಿಯುವ ಹೊತ್ತಿಗೆ ಗೇಟಿನ ಮುಂದಿನ ಸಿಮೆಂಟಿಗೆ ನೀರು ಹಾಕಿ ರಂಗೋಲಿ ಇಡುತ್ತಿದ್ದೆ. ಊರಿನಿಂದ ತಂದ ಪುಡಿ ಮುಗಿದು ಕಾಲವಾಗಿದೆ, ಇಲ್ಲಿ ಅಕ್ಕಿ ಹಿಟ್ಟೇ ಗತಿ. ಚುಕ್ಕಿ ಇಟ್ಟು ಎಳೆ ಸುತ್ತುತ್ತಿರುವಾಗ ಮದರ್ ಬಂದು ನಿಂತರು. ಪಾದದವರೆಗಿನ ಅಚ್ಚ ಬಿಳಿ ಉಡುಪು, ತಲೆಗೆ ಬಿಗಿಯಾಗಿ ಸುತ್ತಿದ ಬಿಳಿ ಬಟ್ಟೆ, ತೋಳಿಗೆ ಒಂದು ಚೀಲ. ಚೀಲದಲ್ಲಿ ಟವೆಲಿನೊಳಗೆ ಸುತ್ತಿಟ್ಟ ಹಿತ್ತಾಳೆಯ ಗಂಟೆ. ಪ್ರಾರ್ಥನೆಗೆ ಮುಂಚೆ ಅದು ಸುಮ್ಮಸುಮ್ಮನೆ ಸದ್ದು ಮಾಡಬಾರದಂತೆ.

"ಇದನ್ನು ಯಾರು ಕಲಿಸಿದರು, ಮಗಳೇ?"

"ಅಮ್ಮ."

"ಹಬ್ಬಕ್ಕೆ ಮಾತ್ರವೇ?"

"ಇಲ್ಲ ಮದರ್, ಅಮ್ಮ ಪ್ರತಿದಿನ ಬೆಳಿಗ್ಗೆ ಹಾಕುತ್ತಾರೆ. ಜಡಿಮಳೆಯ ದಿನ ಹೊಸ್ತಿಲಿಗಾದರೂ ಎರಡೆಳೆ ಎಳೆಯದೆ ಒಲೆ ಹಚ್ಚುವುದಿಲ್ಲ."

ಅವರು ಸ್ವಲ್ಪ ಹೊತ್ತು ಆ ಗೆರೆಗಳನ್ನೂ ಹಿಟ್ಟು ಅಂಟಿದ ನನ್ನ ಬೆರಳುಗಳನ್ನೂ ನೋಡಿದರು. ಆಮೇಲೆ ಕೇಳಿದರು: "ಇದಕ್ಕಾಗಿ ನಿನ್ನ ಅಮ್ಮನನ್ನು ಯಾರಾದರೂ ಹಿಡಿದುಕೊಂಡು ಹೋಗಿದ್ದಾರೆಯೇ?"

"ಇಲ್ಲವಲ್ಲ. ಯಾಕೆ ಹಿಡಿಯುತ್ತಾರೆ?"

"ನನ್ನ ಅಮ್ಮನನ್ನು ಹಿಡಿದಿದ್ದರು."

ಅಷ್ಟು ಹೇಳಿ, ರಂಗೋಲಿಯ ಅಂಚನ್ನು ತುಳಿಯದಂತೆ ಸುತ್ತುಬಳಸಿ ರಸ್ತೆಗೆ ಇಳಿದು ಹೋದರು. ಹಿಟ್ಟಿನ ಬಟ್ಟಲು ಕೈಯಲ್ಲೇ ಉಳಿಯಿತು.

ಅವರ ಅಮ್ಮನನ್ನು ಹಿಡಿಸಿದ ಕಾನೂನಿನ ಕತೆ ಇಲ್ಲಿ ಎಲ್ಲರಿಗೂ ಅಷ್ಟಿಷ್ಟು ಗೊತ್ತು. 1917ರ ನವೆಂಬರಿನಲ್ಲಿ ಬ್ರಿಟಿಷ್ ವಸಾಹತು ಸರ್ಕಾರ ಶೌಟರ್ಸ್ ನಿಷೇಧ ಕಾನೂನನ್ನು ತಂದಿತು. ಶೌಟರ್ಸ್, ಅಂದರೆ ಕೂಗುವವರು, ಎಂದು ಕರೆದದ್ದು ಈ ಸ್ಪಿರಿಚುಯಲ್ ಬ್ಯಾಪ್ಟಿಸ್ಟರನ್ನೇ. ಪಕ್ಕದ ಸೇಂಟ್ ವಿನ್ಸೆಂಟಿನಲ್ಲಿ 1912ರಲ್ಲೇ ಅಂಥದ್ದೊಂದು ಬಂದಿತ್ತು. ಆಫ್ರಿಕಾದ ನೆನಪುಗಳನ್ನೂ ಬೈಬಲನ್ನೂ ಒಟ್ಟಿಗೆ ಹಿಡಿದುಕೊಂಡು, ಕೈತಟ್ಟಿ, ಹಾಡಿ, ಮೈದುಂಬಿ ಕೂಗಿ ಪ್ರಾರ್ಥಿಸುತ್ತಿದ್ದ ಬಡ ಕರಿಯರಿಂದ ನೆಮ್ಮದಿ ಹಾಳಾಗುತ್ತಿದೆ ಎಂಬುದು ದೊಡ್ಡವರ ದೂರು. ಬರೀ "ಗದ್ದಲ ಮಾಡಬಾರದು" ಎಂದು ಬರೆದು ಕಾನೂನು ಬಿಡಲಿಲ್ಲ. ಯಾವುದನ್ನು ಕಂಡರೆ ಅದು ಶೌಟರ್‌ಗಳ ಸಭೆ ಎಂದು ತಿಳಿಯಬೇಕು ಎಂಬುದಕ್ಕೆ ಪಟ್ಟಿಯನ್ನೇ ಕೊಟ್ಟಿತು. ತಲೆಗೆ ಬಿಳಿ ಬಟ್ಟೆ ಕಟ್ಟುವುದು. ಕೈಯಲ್ಲಿ ಹೊತ್ತಿಸಿದ ಮೇಣದಬತ್ತಿ ಹಿಡಿಯುವುದು. ಆಗಾಗ ಗಂಟೆ ಬಾರಿಸುವುದು. ಮೈ ಅಲ್ಲಾಡಿಸುವುದು, ಕೂಗುವುದು. ಕೈಯಲ್ಲಿ ಹೂ ಹಿಡಿಯುವುದು. ನೆಲದ ಮೇಲೆ ಬಿಳಿ ಸೀಮೆಸುಣ್ಣದ ಗೆರೆ ಎಳೆಯುವುದು.

ಇನ್ನೊಮ್ಮೆ ಓದಿ ನೋಡಿ. ದೀಪ, ಗಂಟೆ, ಹೂ, ನೆಲದ ಮೇಲೆ ಬಿಳಿ ಗೆರೆ. ಮಲೆನಾಡಿನ ಸಾಗರದ ನಮ್ಮ ಮನೆಯಲ್ಲಿ ಅಮ್ಮ ಬೆಳಿಗ್ಗೆ ಎದ್ದು ಕಾಫಿಗಿಂತ ಮೊದಲು ಮಾಡುವ ಕೆಲಸಗಳ ಪಟ್ಟಿ ಇದು. ಇದನ್ನು ಮಾಡುವವರಿದ್ದಾರೆ ಎಂದು ಗುಮಾನಿ ಬಂದರೆ ಹಗಲಾಗಲಿ ರಾತ್ರಿಯಾಗಲಿ ಪೊಲೀಸರು ವಾರಂಟ್ ಇಲ್ಲದೆ ಯಾವ ಮನೆಗೆ ಬೇಕಾದರೂ ನುಗ್ಗಬಹುದಿತ್ತು. ಅದೂ ಒಂದೆರಡು ವರ್ಷದ ಮಾತಲ್ಲ. 1940ರ ದಶಕದಲ್ಲಿ ಎಲ್ಟನ್ ಜಾರ್ಜ್ ಗ್ರಿಫಿತ್ ಎಂಬ ಧರ್ಮಗುರು ಚದುರಿಹೋಗಿದ್ದ ಸಭೆಗಳನ್ನು ಒಗ್ಗೂಡಿಸಿ, ಮನವಿಯ ಮೇಲೆ ಮನವಿ ಕೊಟ್ಟು ಹೋರಾಡಿದರು. ಕಾನೂನು ರದ್ದಾದದ್ದು 1951ರ ಮಾರ್ಚ್ 30ಕ್ಕೆ. ಆ ತಾರೀಖೇ ಇವತ್ತಿನ ರಜೆ.

ಮಧ್ಯಾಹ್ನ ಭಾರತದಿಂದ ಬಂದ ಕೆಲವು ಮನೆಯವರು ಒಂದೆಡೆ ಸೇರಿ ಯುಗಾದಿ ಊಟ ಇಟ್ಟುಕೊಂಡಿದ್ದೆವು. ಮಾವಿನಕಾಯಿ ಚಿತ್ರಾನ್ನ, ಹೋಳಿಗೆ, ಕೋಸಂಬರಿ. ಬೇವೂ ಸಿಕ್ಕಿತ್ತು. ಮಾತು ರಜೆಯ ಕಡೆ ತಿರುಗಿತು. ನಮ್ಮವರೇ ಒಬ್ಬರು, ಓದಿದವರು, ಒಳ್ಳೆಯ ಹುದ್ದೆಯಲ್ಲಿರುವವರು, ಎಲೆ ಮುಂದೆ ಕುಳಿತು ಹೇಳಿದರು: "ಅದೇನು ರಜೆ ಕೊಡುತ್ತಾರೋ. ನಾಲ್ಕು ರಸ್ತೆ ಕೂಡುವಲ್ಲಿ ನಿಂತು ಗಂಟೆ ಬಾರಿಸುತ್ತಾರೆ, ನೀರು ಚಿಮುಕಿಸುತ್ತಾರೆ, ನೆಲದ ಮೇಲೆ ಏನೇನೋ ಗೀಚುತ್ತಾರೆ. ಮಾಟಮಂತ್ರದವರಿಗೆಲ್ಲ ಸರ್ಕಾರದ ಮರ್ಯಾದೆ."

ಅವರು ಕೆಟ್ಟವರೇನಲ್ಲ. ಯಾರಿಗೆ ಹುಷಾರಿಲ್ಲ ಎಂದರೂ ರಾತ್ರಿ ಕಾರು ತೆಗೆದುಕೊಂಡು ಬರುವವರು. ಅದಕ್ಕಾಗಿಯೇ ನನಗೆ ಸಿಟ್ಟು ಇನ್ನಷ್ಟು ಬಂತು. ಇವರು ವಾರಾವಾರ ಕ್ಯಾರಪಿಚೈಮಾದ ದತ್ತಾತ್ರೇಯ ದೇವಸ್ಥಾನಕ್ಕೆ ಹೋಗುತ್ತಾರೆ. ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ಆಶ್ರಮಕ್ಕೆ ಸೇರಿದ ಆ ದೇವಸ್ಥಾನದಲ್ಲಿ 85 ಅಡಿ ಎತ್ತರದ ಹನುಮಂತ ಬಯಲಿನಲ್ಲಿ ನಿಂತಿದ್ದಾನೆ. ಅಲ್ಲಿ ಗಂಟೆ ಇಲ್ಲವೇ, ತೀರ್ಥ ಪ್ರೋಕ್ಷಣೆ ಇಲ್ಲವೇ, ಹೂ ಆರತಿ ಇಲ್ಲವೇ?

"ನಿಮ್ಮ ಮನೆ ಬಾಗಿಲಲ್ಲಿ ನೆಲದ ಮೇಲೆ ಬೆಳಿಗ್ಗೆ ಏನು ಗೀಚಿದ್ದಾರೆ, ನೋಡಿದಿರಾ?" ಎಂದೆ.

"ಅದು ಬೇರೆ, ಇದು ಬೇರೆ" ಎಂದರು.

ಹೇಗೆ ಬೇರೆ ಎಂದು ಕೇಳಿದೆ. ಉತ್ತರ ಬರಲಿಲ್ಲ, ಯಾರೋ ಸಾರು ಬಡಿಸಲು ಬಂದರು. ಹಬ್ಬದ ದಿನ ಜಗಳ ಬೇಡವೆಂದು ಉಳಿದವರು ಕ್ರಿಕೆಟ್ಟಿಗೆ ಹಾರಿದರು. 1976ರಲ್ಲಿ ಪೋರ್ಟ್ ಆಫ್ ಸ್ಪೇನಿನಲ್ಲಿ ಭಾರತ 403 ರನ್ನಿನ ಗುರಿ ಬೆನ್ನಟ್ಟಿ ಗೆದ್ದಾಗ ನಮ್ಮ ವಿಶ್ವನಾಥ್ ಹೊಡೆದ 112 ನಮ್ಮವರಿಗೆ ಯಾವ ಬಿಕ್ಕಟ್ಟಿನಿಂದಲೂ ಪಾರಾಗುವ ದಾರಿ. ನನಗೆ ಅದೊಂದೂ ಕಿವಿಗೆ ಬೀಳುತ್ತಿರಲಿಲ್ಲ. "ನಿನ್ನ ಅಮ್ಮನನ್ನು ಯಾರಾದರೂ ಹಿಡಿದುಕೊಂಡು ಹೋಗಿದ್ದಾರೆಯೇ?" ಎಂಬುದೇ ಕೇಳುತ್ತಿತ್ತು.

ಸಂಜೆ ಉಳಿದ ಹೋಳಿಗೆ ಕಟ್ಟಿಕೊಂಡು ಮದರ್ ಮನೆಗೆ ಹೋದೆ. ಅವರು ಆಗಷ್ಟೇ ಬಂದು ಪಾದಗಳನ್ನು ನೀರಿನಲ್ಲಿ ಇಳಿಬಿಟ್ಟು ಕುಳಿತಿದ್ದರು. ಹೋಳಿಗೆಯನ್ನು ಮುರಿದು ನೋಡಿ, "ಇದು ಸಿಹಿ ದಾಲ್‌ಪುರಿ" ಎಂದು ತೀರ್ಪು ಕೊಟ್ಟರು. ಬೇಳೆಯ ಪುಡಿ ತುಂಬಿದ ಇಲ್ಲಿಯ ರೊಟ್ಟಿಯನ್ನು ತಿಂದವರಿಗೆ ಆ ಮಾತು ಒಪ್ಪಿಗೆಯಾಗುತ್ತದೆ.

ನಾನಾಗಿ ಕೇಳುವ ಮೊದಲೇ ಹೇಳಿದರು. ಅವರ ಅಮ್ಮನದು ಗುಡ್ಡದ ಬುಡದ ಹಳ್ಳಿ. ಸಭೆ ಸೇರುತ್ತಿದ್ದುದು ಕಾಡಿನೊಳಗೆ, ರಾತ್ರಿ, ದಾರಿಯಲ್ಲಿ ಒಬ್ಬ ಹುಡುಗನನ್ನು ಕಾವಲಿಗಿಟ್ಟು. ಒಂದು ರಾತ್ರಿ ಪೊಲೀಸರು ಬಂದಾಗ ಎಲ್ಲರೂ ಚದುರಿ ಓಡಿದರು. ಕಂಕುಳಲ್ಲಿ ಮಗುವಿದ್ದ ಇವರ ಅಮ್ಮ ಓಡಲಾಗದೆ ಮನೆಗೆ ಬಂದು ಬಾಗಿಲು ಹಾಕಿಕೊಂಡರು. ಆ ಮಗು ಇವರೇ. ಪೊಲೀಸರು ಬಾಗಿಲು ತಟ್ಟಿದರು. ಮನೆಯಲ್ಲಿ ಗಂಟೆ ಇರಲಿಲ್ಲ, ಮೇಣದಬತ್ತಿ ಇರಲಿಲ್ಲ. ಎಲ್ಲವನ್ನೂ ದಾರಿಯಲ್ಲೇ ಎಸೆದಾಗಿತ್ತು.

"ಕೈ ತೋರಿಸು ಎಂದರು" ಎಂದು ಮದರ್ ತಮ್ಮ ಬಲಗೈಯನ್ನು ನನ್ನ ಮುಂದೆ ಚಾಚಿದರು. "ಬೆರಳ ತುದಿಯಲ್ಲಿ ಸೀಮೆಸುಣ್ಣ ಅಂಟಿಕೊಂಡಿತ್ತು. ಅಷ್ಟೇ ಸಾಕಾಯಿತು."

ಬೆಳಿಗ್ಗೆ ನನ್ನ ಬೆರಳುಗಳಿಗೆ ಅಂಟಿದ್ದ ಹಿಟ್ಟನ್ನು ಅವರು ನೋಡುತ್ತಿದ್ದುದು ಏಕೆಂದು ಆಗ ಹೊಳೆಯಿತು.

ಮದರ್ ಆ ಕತೆಯನ್ನು ಅಳುತ್ತಾ ಹೇಳಲಿಲ್ಲ. ಎದ್ದು ಒಳಗೆ ಕರೆದುಕೊಂಡು ಹೋಗಿ ತಮ್ಮ ಪ್ರಾರ್ಥನೆಯ ಕೋಣೆಯನ್ನು ತೋರಿಸಿದರು. ಮೂಲೆಯ ಮೇಜಿನ ಮೇಲೆ ಬೈಬಲ್, ಗಂಟೆ, ಮೇಣದಬತ್ತಿಗಳು. ಅವುಗಳ ಮಧ್ಯೆ ಹೊಳಪು ಬರುವಂತೆ ಹುಣಸೆಹಣ್ಣು ಹಚ್ಚಿ ತಿಕ್ಕಿದ ಒಂದು ಹಿತ್ತಾಳೆಯ ತಂಬಿಗೆ, ಅದರಲ್ಲಿ ನೀರು, ನೀರಿನಲ್ಲಿ ಹೂ. ಕಲಶದ ಮುಂದೆ ನಿಂತಂತೆ ನಿಂತುಬಿಟ್ಟೆ. ಇವರ ಎಷ್ಟೋ ಸಭೆಗಳಲ್ಲಿ ತಂಬಿಗೆಗೆ ಜಾಗವಿದೆ, ಅದನ್ನು ಲೋಟಾ ಎಂದೇ ಕರೆಯುತ್ತಾರೆ. ಕಬ್ಬಿನ ಗದ್ದೆಗಳಲ್ಲಿ ದುಡಿಯಲು ಬಂದ ಭಾರತೀಯರ ಮನೆಗಳಿಂದ ಅದು ಇವರ ದೇವರ ಮುಂದಕ್ಕೆ ಬಂದು ಕುಳಿತಿದೆ. ಇವರಲ್ಲಿ "ಮೌರ್ನಿಂಗ್" ಎಂಬ ಕಠಿಣ ವ್ರತವೊಂದಿದೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಉಪವಾಸವಿದ್ದು, ನೆಲದ ಮೇಲೆ ಮಲಗಿ ದಿನಗಟ್ಟಲೆ ಧ್ಯಾನದಲ್ಲಿರುತ್ತಾರೆ. ಆಗ ಆತ್ಮ ಪ್ರಯಾಣ ಹೊರಡುತ್ತದೆ, ಆಫ್ರಿಕಾಕ್ಕೆ, ಚೀನಾಕ್ಕೆ, ಭಾರತಕ್ಕೂ ಹೋಗಿ ಬರುತ್ತದೆ ಎಂಬುದು ನಂಬಿಕೆ. ಮದರ್ ಕೂಡ ಭಾರತಕ್ಕೆ ಹೋಗಿ ಬಂದಿದ್ದಾರೆ. "ಒಬ್ಬಳು ಮುದುಕಿ ನದಿಯ ಹತ್ತಿರ ನಿಂತು ನನಗೆ ನೀರು ಕೊಟ್ಟಳು" ಎಂದರು, ಕಳೆದ ವಾರ ಬಸ್ಸಿನಲ್ಲಿ ಹೋಗಿ ಬಂದಷ್ಟು ಸಹಜವಾಗಿ. ಅವರು ನಮ್ಮ ನಾಡನ್ನು ದೇವರ ದಾರಿಯಲ್ಲಿ ಸಿಗುವ ಜಾಗವೆಂದು ಎದೆಯಲ್ಲಿಟ್ಟುಕೊಂಡಿದ್ದಾರೆ. ನಮ್ಮವರು ಊಟದ ಎಲೆಯ ಮುಂದೆ ಅವರನ್ನು ಮಾಟಗಾರರೆನ್ನುತ್ತಾರೆ. ಈ ಅನ್ಯಾಯ ನನ್ನನ್ನು ಸುಡುತ್ತದೆ.

ರಾತ್ರಿ ಊರಿಗೆ ಫೋನ್ ಮಾಡಿದೆ. ಅಲ್ಲಿ ಆಗಲೇ ಬೆಳಗಾಗಿತ್ತು, ಅಮ್ಮ ಬಾಗಿಲಿಗೆ ನೀರು ಹಾಕಿ ಬಂದಿದ್ದರು. ಪಟ್ಟಿಯನ್ನು ಒಂದೊಂದಾಗಿ ಹೇಳಿದೆ. ಗಂಟೆ, ಹೂ, ದೀಪ, ಗೆರೆ. ಅಮ್ಮ ಪೂರ್ತಿ ಕೇಳಿಸಿಕೊಂಡು, "ಅಷ್ಟನ್ನೂ ಬಿಡಿಸಿದರೆ ಆ ಹೆಂಗಸರು ಬೆಳಿಗ್ಗೆ ಎದ್ದು ಏನು ಮಾಡುತ್ತಿದ್ದರೇ?" ಎಂದು ಕೇಳಿದರು. ಕಾನೂನಿನ ಕ್ರೌರ್ಯದ ಬಗ್ಗೆ ಇದಕ್ಕಿಂತ ಸರಿಯಾದ ಪ್ರಶ್ನೆಯನ್ನು ನಾನು ಕೇಳಿಲ್ಲ.

ಇಲ್ಲಿಯ ಹಿಂದೂಗಳಿಗೂ ಇದರ ರುಚಿ ಗೊತ್ತು. 1845ರ ಮೇ 30ರಂದು ಫತೇಲ್ ರಜಾಕ್ ಹಡಗು ಮೊದಲ ಭಾರತೀಯ ಕೂಲಿಗಳನ್ನು ತಂದು ಇಳಿಸಿತು. 1917ರಲ್ಲಿ ಆ ಸಾಗಾಟ ನಿಲ್ಲುವ ಹೊತ್ತಿಗೆ ಸುಮಾರು 1.4 ಲಕ್ಷ ಮಂದಿ ಬಂದಿದ್ದರು. ಅವರು ಶಾಸ್ತ್ರೋಕ್ತವಾಗಿ ಮಾಡಿಕೊಂಡ ಮದುವೆಗೆ ಕಾನೂನಿನ ಮಾನ್ಯತೆ ಸಿಕ್ಕಿದ್ದು 1946ರಲ್ಲಿ. ಅಲ್ಲಿಯವರೆಗೆ ಅವರ ಮಕ್ಕಳು ಸರ್ಕಾರದ ಕಣ್ಣಿನಲ್ಲಿ ಅಕ್ರಮ ಸಂತಾನ. ವಾಟರ್‌ಲೂ ಎಂಬಲ್ಲಿ ಸಿವದಾಸ್ ಸಾಧು ಎಂಬ ಕಬ್ಬಿನ ಕೂಲಿ ಸಕ್ಕರೆ ಕಂಪನಿಯ ಜಾಗದಲ್ಲಿ ಗುಡಿ ಕಟ್ಟಿದ್ದಕ್ಕೆ ಅವರನ್ನು ಜೈಲಿಗೆ ಹಾಕಿದರು, ಗುಡಿಯನ್ನು ಕೆಡವಿದರು. ಆ ಪುಣ್ಯಾತ್ಮ ಸೈಕಲ್ಲಿನ ಮೇಲೆ ಕಲ್ಲು, ಸಿಮೆಂಟು ಹೊತ್ತು ಸಮುದ್ರದೊಳಗೇ ಗುಡಿ ಕಟ್ಟಿದರು. ಇವತ್ತು ನಮ್ಮವರು ಅದರ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ತೆಗೆಸಿಕೊಳ್ಳಲಿ. ಆದರೆ ಸಮುದ್ರದ ಗುಡಿಗೆ ಕೈಮುಗಿದವರು ಕಾಡಿನೊಳಗಿನ ಸಭೆಯನ್ನು ಆಡಿಕೊಳ್ಳಬಾರದು. ಇಬ್ಬರನ್ನೂ ಓಡಿಸಿದ ಕೈ ಒಂದೇ.

ಈ ದೇಶದ ರಜೆಗಳ ಪಟ್ಟಿಯ ಬಗ್ಗೆ ನನಗಿರುವ ಗೌರವ ಇಲ್ಲಿಂದಲೇ ಹುಟ್ಟಿದ್ದು. 1966ರಿಂದ ದೀಪಾವಳಿಗೂ ಈದ್‌ಗೂ ರಜೆ. ಕೊಲಂಬಸ್ ಬಂದನೆಂದು ಆಚರಿಸುತ್ತಿದ್ದ ದಿನವನ್ನು ತೆಗೆದುಹಾಕಿ 1985ರಲ್ಲಿ ಆಗಸ್ಟ್ 1ನ್ನು ಗುಲಾಮಗಿರಿಯಿಂದ ಬಿಡುಗಡೆಯಾದ ದಿನವಾಗಿ ಇಟ್ಟರು. ಜೂನ್ 19 ಕಾರ್ಮಿಕರ ದಿನ. ಅದು 1937ರಲ್ಲಿ ಎಣ್ಣೆಬಾವಿಗಳ ಕೆಲಸಗಾರರು ಬಂಡೆದ್ದ ದಿನ. ಮಾರ್ಚ್ 30ರ ರಜೆ 1996ರಿಂದ ಬಂತು, ಬಾಸ್ದೇವ್ ಪಾಂಡೆ ಪ್ರಧಾನಿಯಾಗಿದ್ದಾಗ. ಭಾರತೀಯ ಕೂಲಿಗಳ ವಂಶದಲ್ಲಿ ಹುಟ್ಟಿ, ಸಕ್ಕರೆ ಕಾರ್ಮಿಕರ ಸಂಘವನ್ನು ಮುನ್ನಡೆಸಿ ಬೆಳೆದ ನಾಯಕ ಅವರು. ಓಟಿಗಾಗಿ ಕೊಟ್ಟರು ಎಂದು ಈಗಲೂ ಮೂಗು ಮುರಿಯುವವರಿದ್ದಾರೆ. 2011ರ ಜನಗಣತಿಯಂತೆ ಸ್ಪಿರಿಚುಯಲ್ ಬ್ಯಾಪ್ಟಿಸ್ಟರು ನೂರಕ್ಕೆ ಆರಕ್ಕಿಂತ ಕಡಿಮೆ. ಓಟಿಗಾಗಿಯೇ ಕೊಟ್ಟಿರಲಿ. ಒಂದು ಕಾಲದಲ್ಲಿ ಗಂಟೆ ಬಾರಿಸಿದ್ದಕ್ಕೆ ಹಿಡಿದ ಸರ್ಕಾರವೇ ಇವತ್ತು ಆ ಗಂಟೆಗಾಗಿ ಕಚೇರಿ, ಬ್ಯಾಂಕು, ಶಾಲೆಗಳ ಬಾಗಿಲು ಹಾಕುತ್ತದೆಂದರೆ ಅದು ಬರಿಯ ಆಟವಲ್ಲ. ಸೀಮೆಸುಣ್ಣದ ಬೆರಳು ತೋರಿಸಿದ ಆ ತಾಯಿಗೆ ದೇಶ ನೂರರಲ್ಲಿ ನೂರು ಮಂದಿಯ ಪರವಾಗಿ ತಪ್ಪೊಪ್ಪಿಕೊಂಡಂತೆ. ನಾವು ಪಾಸ್‌ಪೋರ್ಟ್ ಹಿಡಿದು ವಿಮಾನದಲ್ಲಿ ಬಂದವರು, ಸಂಬಳದ ರಜೆಯನ್ನು ಅನುಭವಿಸುತ್ತೇವೆ. ಅದಕ್ಕೆ ಬೆಲೆ ತೆತ್ತವರು ಯಾರೆಂದು ತಿಳಿದುಕೊಳ್ಳುವುದು ಕನಿಷ್ಠ ಋಣ.

ಮುಂದಿನ ತಿಂಗಳು ಮದರ್ ಮನೆಯಲ್ಲಿ ಥ್ಯಾಂಕ್ಸ್‌ಗಿವಿಂಗ್ ಇದೆ. ಮನೆಯಲ್ಲೇ ಪ್ರಾರ್ಥನೆ ನಡೆಸಿ, ಮೊದಲು ಓಣಿಯ ಮಕ್ಕಳನ್ನೆಲ್ಲ ಕೂರಿಸಿ ಊಟ ಹಾಕುವ ಹರಕೆಯ ಸೇವೆ ಅದು. ಸಿಹಿ ದಾಲ್‌ಪುರಿ ನನ್ನ ಪಾಲಿನದು ಎಂದು ಅಪ್ಪಣೆಯಾಗಿದೆ. ಯುಗಾದಿಯ ಊಟದಲ್ಲಿ ಮಾತಾಡಿದ ಆ ಹಿರಿಯರಿಗೂ ಫೋನ್ ಮಾಡಿ, ಮನೆಯವರನ್ನು ಕರೆದುಕೊಂಡು ಬನ್ನಿ ಎಂದು ಹೇಳಿದ್ದೇನೆ. "ನೋಡೋಣ" ಎಂದರು. ಅವರ ಹೆಂಡತಿ ಮಾತ್ರ ಫೋನ್ ಕಸಿದುಕೊಂಡು, ತಾವು ಖಂಡಿತ ಬರುವುದಾಗಿ ಹೇಳಿ, ಎಷ್ಟು ಮಕ್ಕಳಿರುತ್ತಾರೆ, ಹೂರಣಕ್ಕೆ ಬೇಳೆ ಎಷ್ಟು ನೆನೆಹಾಕಬೇಕು ಎಂದು ಕೇಳಿದರು.