ಲೈ, ಲೇ, ಮತ್ತೆ ಲೇ

ಇಂಗ್ಲಿಷ್ ಹೋಂವರ್ಕ್ ಮಾಡುತ್ತಿದ್ದ ಮಗಳು ಇವತ್ತು 'ಲೇ' (lay) ಪದದ ಹತ್ತಿರ ನಿಂತುಬಿಟ್ಟಳು.

'ಲೈ' (lie) ಅಂದರೆ ತಾನೇ ಮಲಗುವುದು. ಅಕರ್ಮಕ. 'ಲೇ' ಅಂದರೆ ಇಡುವುದು. ಸಕರ್ಮಕ. 'ಏನನ್ನು?' ಅಂತ ಕೇಳಿದರೆ ಉತ್ತರ ಸಿಗಬೇಕು: ಪುಸ್ತಕವನ್ನು. ಇಲ್ಲಿವರೆಗೆ ಸರಿ.

ಆದರೆ 'ಲೈ'ಯ ಭೂತಕಾಲವೂ 'ಲೇ'! ನಿನ್ನೆ ಮಲಗಿದೆ ಅನ್ನೋದಕ್ಕೂ ಅದೇ, ಈಗ ಪುಸ್ತಕ ಇಡು ಅನ್ನೋದಕ್ಕೂ ಅದೇ. ಇಟ್ಟೆ ಅನ್ನೋದಕ್ಕೆ ಮಾತ್ರ 'ಲೇಯ್ಡ್' (laid). ಪಾಪ, ಮಗುವಿಗೆ ಗೊಂದಲವಾಗದೆ ಇರುತ್ತಾ?

ಕನ್ನಡದಲ್ಲಿ ಮಲಗು, ಮಲಗಿಸು. ಸುಮ್ನೆ ಒಂದು 'ಇಸು' ಬಂದು ಕೂತರೆ ಸಾಕು, ಕ್ರಿಯೆ ಇನ್ನೊಬ್ಬರನ್ನು ಮುಟ್ಟುತ್ತದೆ. ಎಷ್ಟು ಚೆಂದ ಅಲ್ವಾ? ಇಷ್ಟು ವರ್ಷ ಮಾತಾಡಿದರೂ ನಾನು ಗಮನಿಸಿರಲಿಲ್ಲ.

ಈಗ ಅವಳು ಜೋಡಿ ಹುಡುಕುತ್ತಿದ್ದಾಳೆ. ಓಡು, ಓಡಿಸು. ನಗು, ನಗಿಸು. 'ಏಳು' ಬಂದಾಗ ಸ್ವಲ್ಪ ತಡೆದಳು. ಆಮೇಲೆ ಮೆಲ್ಲಗೆ, "ಎಬ್ಬಿಸು!"