ವೀರಗಲ್ಲನ್ನು ಕಾಲಿನಿಂದ ಶುರುಮಾಡಿ ತೋರಿಸಿ

ಶಿವಮೊಗ್ಗದ ಶಿವಪ್ಪನಾಯಕನ ಅರಮನೆಗೆ ಬಂದವರನ್ನು ವೀರಗಲ್ಲಿನ, ಅಂದರೆ ಕಾಳಗದಲ್ಲಿ ಸತ್ತವನ ನೆನಪಿನ ಕಲ್ಲಿನ, ಮುಂದೆ ನಿಲ್ಲಿಸಿದರೆ ಕಣ್ಣು ಮೊದಲು ಹೋಗುವುದು ಮುಖಕ್ಕೆ. ನೂರಾರು ಮಳೆಗಾಲ ಕಂಡ ಕಲ್ಲಲ್ಲಿ ಮೂಗು, ಕಣ್ಣು ಎಲ್ಲಿ ಉಳಿದಿರುತ್ತದೆ? 'ಎಂತದೂ ಕಾಣ್ತಿಲ್ಲ ಮಾರಾಯ್ರೆ' ಅಂತ ಮುಂದೆ ಹೋಗುತ್ತಾರೆ. ಸಿಟ್ಟು, ಬಿಗುವು, ಸಮಾಧಾನ ಎಲ್ಲ ಇನ್ನೂ ಇರುವುದು ಮೈಯ ನಿಲುವಿನಲ್ಲಿ. ಆದ್ದರಿಂದ ಹೊಸದಾಗಿ ಕಲ್ಲು ತೋರಿಸುವವರು ಪಾದದಿಂದ ಶುರುಮಾಡಿ.

ಸಾಮಾನ್ಯವಾಗಿ ಮೂರು ಹಂತ, ಓದುವುದು ಕೆಳಗಿನಿಂದ ಮೇಲಕ್ಕೆ. ಕೆಳಗೆ ಕಾಳಗ. ಉಳಿದವರಿಗಿಂತ ದೊಡ್ಡದಾಗಿ ಕೆತ್ತಿದವನೇ ವೀರ. ಮುಂದಿನ ಮಂಡಿ ಮಡಿಸಿ, ಹಿಂದಿನ ಕಾಲು ಚಾಚಿ ಊರಿರುತ್ತಾನೆ. ಪಕ್ಕದಲ್ಲಿ ದನಗಳಿದ್ದರೆ ತುರುಗೊಳ್, ಅಂದರೆ ದನ ಹಿಡಿದೊಯ್ಯುವ ದಾಳಿ; ಊರಿನ ದನ ಬಿಡಿಸಿಕೊಳ್ಳುವ ಜಗಳದಲ್ಲಿ ಸತ್ತವನು. ನಡುವಿನ ಹಂತದಲ್ಲಿ ಅಪ್ಸರೆಯರು ಅವನನ್ನು ಒಯ್ಯುತ್ತಾರೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ: ಕೆಳಗೆ ಬಿಲ್ಲಿನಂತೆ ಬಿಗಿದಿದ್ದ ತೋಳು ಈಗ ಅವರ ಹೆಗಲ ಮೇಲೆ ಸಡಿಲವಾಗಿರುತ್ತದೆ. ಮೇಲೆ ಲಿಂಗದ ಎದುರು ಕೈಮುಗಿದು ಕೂತಿದ್ದಾನೆ, ತುದಿಯಲ್ಲಿ ಸೂರ್ಯ ಚಂದ್ರ. ಬರಹವಿದ್ದರೆ ಹೆಚ್ಚಾಗಿ ಹಂತಗಳ ನಡುವಿನ ಪಟ್ಟಿಯಲ್ಲಿ.

ಮಾಸ್ತಿಕಲ್ಲಿಗೆ, ಅಂದರೆ ಗಂಡನೊಡನೆ ಸಹಗಮನ ಮಾಡಿದವಳ ನೆನಪಿನ ಕಲ್ಲಿಗೆ, ಇಷ್ಟು ವಿವರಣೆ ಬೇಡ. ಕಂಬದಿಂದ ಹೊರಟು ಮೇಲೆದ್ದ ಬಲಗೈ, ಅದರ ತುಂಬ ಬಳೆ. 'ಬಳೆ ಯಾಕೆ ಒಡೆದಿಲ್ಲ?' ಅಂತ ಕೇಳಿ ಸುಮ್ಮನಿದ್ದರೆ ಸಾಕು, ಗುಂಪಿನಲ್ಲಿರುವ ಹೆಂಗಸರೇ ಉತ್ತರ ಹೇಳುತ್ತಾರೆ.

ಬೆಳಕು ಅರ್ಧ ಕೆಲಸ. ನೆತ್ತಿಯ ಬಿಸಿಲಿಗೂ ಮೊಬೈಲಿನ ಫ್ಲಾಶಿಗೂ ಕೆತ್ತನೆ ಚಪ್ಪಟೆಯಾಗುತ್ತದೆ. ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲು ಒಳ್ಳೆಯದು. ಆಷಾಢದ ಮೋಡಕ್ಕೆ ಟಾರ್ಚೇ ಗತಿ: ಎದುರಿನಿಂದ ಬಿಡದೆ, ಒಂದು ಬದಿಯಿಂದ, ಬೆಳಕು ಕಲ್ಲಿನ ಮೈ ಸವರಿಕೊಂಡು ಹೋಗುವಂತೆ ಹಿಡಿಯಿರಿ. ಸವೆದ ಅಕ್ಷರವೂ ನೆರಳು ಬಿಟ್ಟು ಮೇಲೇಳುತ್ತದೆ. ಅಕ್ಷರ ಕಾಣಲಿ ಅಂತ ಸೀಮೆಸುಣ್ಣ, ರಂಗೋಲಿ ಪುಡಿ ಉಜ್ಜಬೇಡಿ. ಪ್ರತಿ ಸಲ ಉಜ್ಜಿದಾಗಲೂ ಅಂಚು ಇನ್ನಷ್ಟು ಸವೆಯುತ್ತದೆ.

'ಮುಟ್ಟಬೇಡಿ' ಬೋರ್ಡು ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಮಕ್ಕಳಿಗೆ ಒಂದು ಮಾರು ದೂರ ನಿಂತು ವೀರನ ಹಾಗೆ ಕಾಲೂರಲು ಹೇಳಿ. ಕೈ ತಾನಾಗಿ ಕಲ್ಲಿನಿಂದ ದೂರವಾಗುತ್ತದೆ, ನಿಲುವೂ ಅರ್ಥವಾಗುತ್ತದೆ. ದೊಡ್ಡವರದು ಬೇರೆ ತೊಂದರೆ: ಭಕ್ತಿ. ಕೈಯ ಬೆವರು, ಎಣ್ಣೆಗೆ ಧೂಳು ಅಂಟಿ ಬಳಪದ ಕಲ್ಲು ಕಪ್ಪಾಗಿ ಹೊಳೆಯತೊಡಗುತ್ತದೆ. ಕುಂಕುಮ ಹಚ್ಚಿದ್ದು ಕಂಡರೆ ನೀರು ಹಾಕಬೇಡಿ, ಬಣ್ಣ ಕರಗಿ ಕಲ್ಲಿನ ರಂಧ್ರಕ್ಕೆ ಇಳಿಯುತ್ತದೆ. ಒಣಗಿದ್ದನ್ನು ಮೆತ್ತನೆಯ ಬ್ರಷ್ಷಿನಿಂದ ಉದುರಿಸಿ. ಎಣ್ಣೆ ಬೆರೆತಿದ್ದರೆ ಕೈ ಹಾಕದೆ ಸಂರಕ್ಷಣೆಯವರಿಗೆ ತಿಳಿಸಿ. ಹುಣಸೆಹಣ್ಣು, ಆಸಿಡ್, ತಂತಿ ಬ್ರಷ್ ಹತ್ತಿರವೂ ಬರಕೂಡದು. ಕಲ್ಲುಹೂವನ್ನೂ ಕೆರೆಯಬೇಡಿ; ಅದು ಕಲ್ಲಿನೊಳಗೆ ಹಿಡಿತ ಇಟ್ಟಿರುತ್ತದೆ, ಕಿತ್ತರೆ ಕೆತ್ತನೆಯ ಚಕ್ಕೆಯೂ ಜೊತೆಗೆ ಬರುತ್ತದೆ.